ಅಪೂರ್ವಳಿಗಾಗಿ ಮೊದಲೇ ಇಟ್ಟಿದ್ದ ಕುರ್ಚಿ

ಹೊಸ ಊರಿಗೆ ಬಂದು ಎರಡು ತಿಂಗಳಾದರೂ ಮಗಳಿಗೆ ಒಬ್ಬ ಗೆಳತಿಯೂ ಸಿಗಲಿಲ್ಲವೆಂದರೆ ಯಾವ ತಾಯಿಗೆ ನೆಮ್ಮದಿ ಇರುತ್ತದೆ? ಡಾಕ್ಟರ್ ಜಯಲಕ್ಷ್ಮಿಯವರ ಚಿಂತೆ ಅದೇ ಆಗಿತ್ತು. ಅಡಿಲೇಡಿನಲ್ಲಿ ಹನ್ನೆರಡು ವರ್ಷ ಇದ್ದ ಸಂಸಾರ ಜನವರಿಯಲ್ಲಿ ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ಗೆ ಬಂದಿತ್ತು. ಗಂಡ ಉದಯಶಂಕರ್‌ಗೆ ಇಲ್ಲಿ ಹೊಸ ಕೆಲಸ. ಮಗಳು ಅಪೂರ್ವಳಿಗೆ ಇಲ್ಲಿ ಯೂನಿವರ್ಸಿಟಿಯ ಮೊದಲ ವರ್ಷ.

"ಇವತ್ತು ಯಾರ ಜೊತೆ ಊಟ ಮಾಡ್ದೆ?" ಎಂದು ಜಯಲಕ್ಷ್ಮಿ ದಿನಾ ಕೇಳುತ್ತಿದ್ದರು.

"ಲೈಬ್ರರಿ ಹಿಂದೆ ಒಂದು ಬೆಂಚ್ ಇದೆ ಅಮ್ಮ. ಅದ್ರ ಜೊತೆ," ಎನ್ನುತ್ತಿದ್ದಳು ಅಪೂರ್ವ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅದೇ ಬೆಂಚಿನ ಪಕ್ಕ ಒಬ್ಬ ಹುಡುಗಿ ಬಂದು ನಿಂತಳು. ಬಿಳಿ ಅಂಗಿ, ಎತ್ತಿ ಕಟ್ಟಿದ ಕೂದಲು. "ಅಪೂರ್ವ ಅಲ್ವಾ? ನಾನು ಮಾಲವಿಕಾ. ಥರ್ಡ್ ಇಯರ್. ಬಾ, ಕಾಫಿ ಕುಡಿಯೋಣ," ಎಂದಳು. ಕನ್ನಡ ಕೇಳಿ ಅಪೂರ್ವಳಿಗೆ ಕಣ್ಣು ತುಂಬಿ ಬಂತು. ನನ್ನ ಹೆಸರು ಇವಳಿಗೆ ಹೇಗೆ ಗೊತ್ತು ಎಂದು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಕಾಫಿ ಅಂಗಡಿಯಲ್ಲಿ ಇನ್ನೂ ಮೂವರು ಕಾಯುತ್ತಿದ್ದರು. ಮೂವರದೂ ಬಿಳಿ ಅಂಗಿ. ಮೇಜಿನ ಮೇಲೆ ಐದು ಲೋಟ ಆಗಲೇ ಬಂದಿತ್ತು. ಅಪೂರ್ವಳ ಮುಂದಿದ್ದದ್ದು ಸಕ್ಕರೆ ಹಾಕದ ಶುಂಠಿ ಚಹಾ. ಅವಳು ಕುಡಿಯುವುದು ಅದನ್ನೇ. ಅವರು ಅವಳ ಸತ್ತುಹೋದ ನಾಯಿಯ ಹೆಸರು ಹೇಳಿ ಮರುಗಿದರು. ಅಜ್ಜಿ ಅವಳನ್ನು ಕರೆಯುತ್ತಿದ್ದಂತೆ 'ಅಪ್ಪಿ' ಎಂದು ಕರೆದರು. ನಾಲ್ವರೂ ಒಟ್ಟಿಗೆ ನಗುತ್ತಿದ್ದರು, ಒಟ್ಟಿಗೇ ನಿಲ್ಲಿಸುತ್ತಿದ್ದರು.

"ನಮ್ದು ಸೊರಾರಿಟಿ. ಹುಡುಗೀರ ಮನೆ ಅನ್ಕೋ. ಲ್ಯಾಂಟರ್ನ್ ಹೌಸ್ ಅಂತ ಹೆಸರು," ಎಂದಳು ಮಾಲವಿಕಾ. "ನಾವು ಪೋಸ್ಟರ್ ಅಂಟಿಸಲ್ಲ, ಫಾರ್ಮ್ ಕೊಡಲ್ಲ. ನಮಗೆ ಬೇಕಾದವರನ್ನ ನಾವೇ ಹುಡುಕ್ತೀವಿ. ನೀನು ಆಗ್ಲೇ ನಮ್ಮವಳು, ಅಪ್ಪಿ."

ಜಯಲಕ್ಷ್ಮಿಯವರಿಗೆ ಖುಷಿಯೋ ಖುಷಿ. ಪಕ್ಕದ ಮನೆಯ ಸುಲೋಚನಾ ಚಹಾಕ್ಕೆ ಬಂದಾಗ ಇದನ್ನೇ ಹೇಳಿದರು. ಸುಲೋಚನಾ ಮೈಸೂರಿನವರು. ಊರಿನ ಇನ್ನೊಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕಷ್ಟಸುಖ ನೋಡುವ ಕೆಲಸ ಅವರದು.

"ಸಂತೋಷ. ಹುಡುಗೀರಿಗೆ ಅಂಥ ಗುಂಪು ಬೇಕು. ನಮ್ಮ ಕಾಲೇಜಲ್ಲೂ ಒಳ್ಳೇ ಕ್ಲಬ್‌ಗಳಿವೆ," ಎಂದರು ಸುಲೋಚನಾ. "ಅಪೂರ್ವ, ಇದು ಸ್ಟೂಡೆಂಟ್ ಯೂನಿಯನ್ ಪಟ್ಟಿಯಲ್ಲಿ ಇದ್ಯಾ? ನೋಡಿದ್ಯಾ?"

"ಇನ್‌ಫಾರ್ಮಲ್ ಆಂಟಿ. ಅವ್ರು ಪಟ್ಟಿಗೆಲ್ಲ ಹೋಗಲ್ಲ."

"ಹಾಗಾದ್ರೆ ಜವಾಬ್ದಾರಿ ಯಾರದು? ಸೇರಿದ ಮೇಲೆ ಬೇಡ ಅನ್ನಿಸಿದ್ರೆ ಹೊರಗೆ ಬರೋದು ಹೇಗೆ? ಒಳಗೆ ಏನು ಮಾಡಿಸ್ತಾರೆ ಅಂತ ಮುಂಚೆ ಹೇಳ್ತಾರಾ? ಇಷ್ಟು ಕೇಳಿ ನೋಡು. ಒಳ್ಳೆಯವರಾದ್ರೆ ಬೇಜಾರು ಮಾಡ್ಕೊಳ್ಳಲ್ಲ."

ಜಯಲಕ್ಷ್ಮಿಗೆ ಇದು ಹಿಡಿಸಲಿಲ್ಲ. "ಏನ್ರೀ ಸುಲೋಚನಾ, ಪೊಲೀಸ್ ಥರ ಮಾತಾಡ್ತೀರಿ! ನಮ್ಮ ಕನ್ನಡದ ಹುಡುಗೀನೇ ಇದ್ದಾಳೆ. ಎರಡು ತಿಂಗಳಿಂದ ಇವಳ ಮುಖದಲ್ಲಿ ನಗು ನೋಡಿರ್ಲಿಲ್ಲ ನಾನು."

ಸುಲೋಚನಾ ಚಹಾ ಮುಗಿಸಿ ಎದ್ದರು. ಹೊರಡುವಾಗ ಮಾತ್ರ, "ಫೋನ್ ಯಾರ ಕೈಗೂ ಕೊಡ್ಬೇಡ ಮಗಳೇ," ಎಂದರು.

ಮರುವಾರ ಅಪೂರ್ವ ಆ ಮನೆಗೆ ಹೋದಳು. ಸನ್ನಿಬ್ಯಾಂಕಿನ ಅಂಗಡಿ ಸಾಲು ದಾಟಿ, ಎರಡು ತಿರುವು ಆದ ಮೇಲೆ ಒಂದು ಹಳೆಯ ಮರದ ಮನೆ. ಮಧ್ಯಾಹ್ನ ಎರಡು ಗಂಟೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಎಲ್ಲ ಕಿಟಕಿಗೂ ದಪ್ಪ ಪರದೆ. ಬಸ್ಸು, ಕಾರುಗಳ ಸದ್ದು ಬಾಗಿಲು ಮುಚ್ಚಿದ ತಕ್ಷಣ ನಿಂತುಹೋಯಿತು. ಒಬ್ಬಳು ಬುಟ್ಟಿ ಹಿಡಿದಳು. ಎಲ್ಲರ ಫೋನೂ ಅದರಲ್ಲಿತ್ತು. ಸುಲೋಚನಾ ಆಂಟಿಯ ಮಾತು ನೆನಪಾಯಿತು. ಆದರೆ ಹನ್ನೆರಡು ಹುಡುಗಿಯರು ನಗುತ್ತ ನೋಡುತ್ತಿರುವಾಗ ಇಲ್ಲ ಎನ್ನುವುದು ಹೇಗೆ? ಫೋನನ್ನು ಬುಟ್ಟಿಗೆ ಹಾಕಿದಳು.

ಕೋಣೆಯಲ್ಲಿ ಹದಿಮೂರು ಕುರ್ಚಿಗಳು ದುಂಡಗೆ ಇದ್ದವು. ಪ್ರತಿ ಕುರ್ಚಿಯ ಬೆನ್ನಿನ ಮೇಲೂ ಒಂದೊಂದು ಹೆಸರು ಬರೆದಿತ್ತು. ಹದಿಮೂರನೆಯದರ ಮೇಲೆ 'ಅಪೂರ್ವ' ಎಂದಿತ್ತು. ಅವಳಿನ್ನೂ ಸೇರುತ್ತೇನೆ ಎಂದೇ ಹೇಳಿರಲಿಲ್ಲ.

ಅವಳು ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಬಣ್ಣದ ಕೆಳಗೆ ಬೇರೆ ಅಕ್ಷರಗಳು ಉಬ್ಬಿಕೊಂಡಿದ್ದವು. ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೆ ಸಿಗುತ್ತಿದ್ದವು. ನಿಧಾನವಾಗಿ ಓದಿದಳು. ಕವನಾ.

"ಕವನಾ ಯಾರು?" ಎಂದು ಕೇಳಿದಳು.

ಹನ್ನೆರಡು ಮುಖಗಳಲ್ಲೂ ನಗು ಹಾಗೇ ಇತ್ತು. "ಆ ಹೆಸರಿನವರು ಇಲ್ಲಿ ಯಾರೂ ಇರ್ಲಿಲ್ಲ," ಎಂದಳು ಮಾಲವಿಕಾ. ಅವಳ ಕೈ ಮಾತ್ರ ಅಂಗಿಯ ತುದಿಯನ್ನು ಹಿಂಡುತ್ತಿತ್ತು.

ಆಮೇಲೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಯಾರಿಗೂ ಹೇಳದ ಒಂದು ಗುಟ್ಟನ್ನು ಬರೆಯಬೇಕು. ಯಾರೂ ಓದುವುದಿಲ್ಲ, ಇಲ್ಲೇ ಸುಡುತ್ತೇವೆ, ಅದೇ ಅಕ್ಕತಂಗಿಯರಾಗುವ ವಿಧಾನ ಎಂದರು. ಅಪೂರ್ವಳ ಎದೆಯಲ್ಲಿ ಒಂದು ಭಾರ ಇತ್ತು. ಅಡಿಲೇಡಿನಲ್ಲಿ ಹನ್ನೆರಡನೇ ತರಗತಿಯಲ್ಲಿದ್ದಾಗ, ಪರೀಕ್ಷೆ ತಪ್ಪಿಸಿಕೊಂಡ ಗೆಳತಿಗಾಗಿ ಅಮ್ಮನ ಕ್ಲಿನಿಕ್ಕಿನ ಕಾಗದದ ಮೇಲೆ ಅಮ್ಮನ ಸಹಿಯನ್ನು ತಾನೇ ಹಾಕಿ ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟಿದ್ದಳು. ಅದನ್ನೇ ಬರೆದಳು. ಚೀಟಿಗಳು ಒಂದು ಪೆಟ್ಟಿಗೆಗೆ ಹೋದವು. ಪೆಟ್ಟಿಗೆಯಿಂದ ತೆಗೆದ ಕಾಗದಗಳನ್ನು ಎಲ್ಲರೆದುರು ಸುಟ್ಟರು. ಹೊಗೆ ಪರದೆಗಳ ನಡುವೆಯೇ ಸುತ್ತಾಡಿತು. ಅಪೂರ್ವಳಿಗೆ ಮನಸ್ಸು ಹಗುರವಾಯಿತು.

ಮುಂದಿನ ವಾರಗಳಲ್ಲಿ ಅವಳು ಬದಲಾದಳು. ಬಿಳಿ ಅಂಗಿ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಅಡಿಲೇಡಿನ ಗೆಳತಿಯರ ಕರೆ ಬಂದರೆ ಎತ್ತುತ್ತಿರಲಿಲ್ಲ. "ಹೊರಗಿನವ್ರ ಜೊತೆ ಜಾಸ್ತಿ ಮಾತು ಬೇಡ ಅಂದಿದಾರೆ," ಎಂದಳು ಒಮ್ಮೆ.

"ಹೊರಗಿನವ್ರು ಅಂದ್ರೆ ಯಾರೇ?" ಎಂದು ಉದಯಶಂಕರ್ ಕೇಳಿದರು. ಅಪೂರ್ವ ಅಪ್ಪನ ಮುಖವನ್ನೇ ನೋಡುತ್ತ ನಕ್ಕಳು. ಆ ನಗು ಅವಳದಾಗಿರಲಿಲ್ಲ. ಜಯಲಕ್ಷ್ಮಿಗೆ ಅವತ್ತು ಮೊದಲ ಸಲ ಮೈ ಜುಮ್ಮೆಂದಿತು.

ಏಪ್ರಿಲ್ ಕೊನೆಯಲ್ಲಿ ಮಾಲವಿಕಾ ಅವಳಿಗೆ ಒಂದು ಕೆಲಸ ಕೊಟ್ಟಳು. ಮಲೇಷ್ಯಾದಿಂದ ಬಂದ ಒಬ್ಬ ಹುಡುಗಿಯನ್ನು ಕರೆತರಬೇಕು. ಒಂಟಿ, ಪಾಪದವಳು. ಅವಳ ವಿವರ ಫೋನಿಗೆ ಕಳಿಸಿದ ಕಡತದಲ್ಲಿತ್ತು. ಏನು ಕುಡಿಯುತ್ತಾಳೆ, ಯಾವ ಬಸ್ಸು ಹತ್ತುತ್ತಾಳೆ, ಯಾವ ವಿಷಯ ಎತ್ತಿದರೆ ಅಳುತ್ತಾಳೆ, ಎಲ್ಲವೂ. ಅಪೂರ್ವ ಹಾಳೆ ಸರಿಸಿದಳು. ಮಾಲವಿಕಾ ಇಡೀ ಕಡತವನ್ನೇ ಕಳಿಸಿಬಿಟ್ಟಿದ್ದಳು. ಅದರ ಹಿಂದಿನ ಹಾಳೆ ಅವಳದೇ. ಶುಂಠಿ ಚಹಾ. ನಾಯಿಯ ಹೆಸರು. 'ಅಪ್ಪಿ ಎಂದು ಕರೆಯಿರಿ.' ಮೇಲೆ ತಾರೀಖು: ಜನವರಿ ಹನ್ನೊಂದು. ಅಂದರೆ ಅವಳು ಯೂನಿವರ್ಸಿಟಿಯ ಮೆಟ್ಟಿಲು ಹತ್ತುವುದಕ್ಕೂ ಒಂದು ತಿಂಗಳು ಮೊದಲು.

ಹಾಳೆಯ ಕೊನೆಯಲ್ಲಿ ಆಮೇಲೆ ಸೇರಿಸಿದ ಒಂದು ಫೋಟೊ ಇತ್ತು. ಅವಳ ಕೈಬರಹದ ಚೀಟಿ. ಸುಟ್ಟಿದ್ದು ಅದನ್ನಲ್ಲ.

ಅವಳು ತಕ್ಷಣ ಮಾಲವಿಕಾಗೆ ಫೋನ್ ಮಾಡಿದಳು. "ನಾನು ಬಿಡ್ತೀನಿ. ನಂಗೆ ಬೇಡ ಇದು."

"ಬಿಡಬಹುದು ಅಪ್ಪಿ," ಎಂದಳು ಮಾಲವಿಕಾ, ಓದಿ ಹೇಳುವ ದನಿಯಲ್ಲಿ. "ಆದ್ರೆ ನಿಮ್ಮಮ್ಮ ಡಾಕ್ಟರ್ ಅಲ್ವಾ? ಅವ್ರ ಲೈಸೆನ್ಸ್‌ಗೆ ತೊಂದ್ರೆ ಆಗ್ಬಾರ್ದು ಅಲ್ವಾ?"

ಎರಡು ದಿನ ಅಪೂರ್ವ ಹಾಸಿಗೆ ಬಿಟ್ಟು ಏಳಲಿಲ್ಲ. ಜಯಲಕ್ಷ್ಮಿ ಜ್ವರ ನೋಡಿದರು, ಜ್ವರವಿಲ್ಲ. ಮೂರನೇ ದಿನ ತಾವಾಗಿಯೇ ಪಕ್ಕದ ಮನೆಯ ಬಾಗಿಲು ತಟ್ಟಿದರು. "ಸುಲೋಚನಾ, ಅವತ್ತು ನಿಮ್ಮ ಮಾತು ಕೇಳ್ಲಿಲ್ಲ ನಾನು. ಈಗ ಬನ್ನಿ."

ಸುಲೋಚನಾ ಬಂದು ಹಾಸಿಗೆಯ ತುದಿಯಲ್ಲಿ ಕೂತರು. ಅವಳ ಹೊದಿಕೆ ಸರಿಮಾಡಿದರು. ಕೊನೆಗೆ ಅಪೂರ್ವಳೇ ಬಾಯಿಬಿಟ್ಟಳು. "ಅವ್ರಿಗೆ ನನ್ ಬಗ್ಗೆ ಎಲ್ಲ ಗೊತ್ತು ಆಂಟಿ. ಜನವರೀಲೇ ಗೊತ್ತಿತ್ತು. ಹೇಗೆ?"

"ಹೊಸ ವಿದ್ಯಾರ್ಥಿಗಳ ಆನ್‌ಲೈನ್ ಗುಂಪಲ್ಲಿ ಏನಾದ್ರೂ ಬರೆದಿದ್ಯಾ?"

ಅಪೂರ್ವ ಯೋಚಿಸಿದಳು. "ಅಡಿಲೇಡಿಂದ ಬರ್ತಿದೀನಿ, ಇಲ್ಲಿ ಯಾರೂ ಗೊತ್ತಿಲ್ಲ ಅಂತ ಬರೆದಿದ್ದೆ."

"ಅಷ್ಟು ಸಾಕು. ಒಂಟಿಯಾದವಳು ಅಂತ ಗುರುತು ಮಾಡ್ಕೊಂಡ್ರು. ಆಮೇಲೆ ನಿನ್ನ ಹಳೇ ಫೋಟೊ, ಅದರ ಕೆಳಗೆ ಅಜ್ಜಿ ಬರೆದದ್ದು, ನಾಯಿ ಸತ್ತಾಗ ನೀನು ಹಾಕಿದ್ದು, ಎಲ್ಲ ಕೂತು ಓದಿದಾರೆ. ಮಾಟ ಮಂತ್ರ ಏನಿಲ್ಲ ಮಗಳೇ."

"ಕುರ್ಚಿ ಮೇಲೆ ಇನ್ನೊಂದು ಹೆಸರಿತ್ತು. ಕವನಾ ಅಂತ."

ಸುಲೋಚನಾರ ಮುಖ ಗಂಭೀರವಾಯಿತು. ಅವರಿಗೆ ಪರಿಚಯದ, ನಾರ್ತ್ ಲೇಕ್ಸ್‌ನ ನಂಜುಂಡಸ್ವಾಮಿಯವರ ಮಗಳ ಹೆಸರು ಅದು. ಹೋದ ವರ್ಷ ಓದು ಅರ್ಧಕ್ಕೇ ಬಿಟ್ಟು ಪರ್ತ್‌ನ ಚಿಕ್ಕಮ್ಮನ ಮನೆಗೆ ಹೊರಟುಹೋಗಿದ್ದಳು. ಏಕೆಂದು ತಂದೆತಾಯಿಗೂ ತಿಳಿದಿರಲಿಲ್ಲ. ಸುಲೋಚನಾ ಅಲ್ಲಿಂದಲೇ ಅವಳಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಅಪೂರ್ವಳ ಮತ್ತು ಲ್ಯಾಂಟರ್ನ್ ಹೌಸಿನ ವಿಷಯ ಹೇಳಿದರು.

"ನನ್ನ ಕುರ್ಚಿ ಯಾರಿಗೋ ಕೊಟ್ಟಿದಾರಾ?" ಎಂದಳು ಕವನಾ. ಆಮೇಲೆ ಅತ್ತಳು. "ನನ್ನ ಚೀಟೀನೂ ಅವರ ಹತ್ರ ಇದೆ. ಹೆದರ್ಕೊಂಡು ಊರೇ ಬಿಟ್ಟೆ. ಇವತ್ತಿಗೂ ಬಿಳಿ ಅಂಗಿ ಕಂಡ್ರೆ ರಸ್ತೆ ದಾಟ್ಬಿಡ್ತೀನಿ. ಅಪೂರ್ವ, ನಿಮ್ಮಮ್ಮಂಗೆ ಹೇಳ್ಬಿಡು. ನಾನು ಹೇಳ್ಲಿಲ್ಲ, ಅದೇ ತಪ್ಪಾಯ್ತು."

ಜಯಲಕ್ಷ್ಮಿ ಬಾಗಿಲಲ್ಲೇ ನಿಂತಿದ್ದರು. ಅಪೂರ್ವ ಗೋಡೆ ಕಡೆ ತಿರುಗಿ, ಸರ್ಟಿಫಿಕೇಟಿನ ವಿಷಯವನ್ನೆಲ್ಲ ಹೇಳಿದಳು. ಅಮ್ಮನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ.

"ನನ್ನ ಸಹಿ ಹಾಕಿದ್ಯಾ?" ಜಯಲಕ್ಷ್ಮಿಯ ದನಿ ಗಡಸಾಗಿತ್ತು. "ಎಷ್ಟು ದೊಡ್ಡ ತಪ್ಪು ಅಂತ ಗೊತ್ತಾ ನಿಂಗೆ?"

"ಸಾರಿ ಅಮ್ಮ."

ಆಮೇಲೆ ಜಯಲಕ್ಷ್ಮಿ ಮಗಳ ಪಕ್ಕ ಬಂದು ಕೂತರು. "ತಪ್ಪಿಗೆ ಏನಾಗ್ಬೇಕೋ ಆಗ್ಲಿ. ನಾಳೆ ಅಡಿಲೇಡ್ ಕ್ಲಿನಿಕ್‌ಗೂ ಸ್ಕೂಲ್‌ಗೂ ನಾವಿಬ್ರೂ ಸೇರಿ ಪತ್ರ ಬರೆಯೋಣ. ನನ್ನ ಲೈಸೆನ್ಸ್ ವಿಷಯ ನಾನು ನೋಡ್ಕೋತೀನಿ. ಆದ್ರೆ ನನ್ನ ಹೆಸರು ಹೇಳಿ ನಿನ್ನನ್ನ ಯಾರೂ ಹೆದರಿಸ್ಬಾರ್ದು."

ಹಾಗೆಯೇ ಮಾಡಿದರು. ಸುಲೋಚನಾ ಅಪೂರ್ವಳನ್ನು ಅವಳ ಯೂನಿವರ್ಸಿಟಿಯ ವಿದ್ಯಾರ್ಥಿ ಸುರಕ್ಷತಾ ಕಚೇರಿಗೆ ಕರೆದುಕೊಂಡು ಹೋದರು. ಕಡತವನ್ನೂ ಚೀಟಿಯ ಫೋಟೊವನ್ನೂ ಅಳಿಸದೆ ಹಾಗೆಯೇ ತೋರಿಸಿದರು. ಬೆದರಿಕೆಯ ವಿಷಯ ಪೊಲೀಸರಿಗೂ ಹೋಯಿತು. ಕವನಾ ಪರ್ತ್‌ನಿಂದಲೇ ತನ್ನ ಹೇಳಿಕೆ ಕಳಿಸಿದಳು. ಶಾಲೆಯವರು ಅಪೂರ್ವಳಿಂದ ತಪ್ಪೊಪ್ಪಿಗೆ ಬರೆಸಿಕೊಂಡರು, ಗೆಳತಿಯ ಅಂಕವನ್ನು ಮತ್ತೆ ಪರಿಶೀಲಿಸಿದರು. ಆ ಗೆಳತಿ ಮಾತು ಬಿಟ್ಟಳು. ಅಪೂರ್ವ ಅದನ್ನೂ ಸಹಿಸಿಕೊಂಡಳು.

ಹತ್ತು ದಿನ ಕಳೆದ ಮೇಲೆ ಅಡಿಲೇಡ್ ಕ್ಲಿನಿಕ್ಕಿಗೆ ಹೆಸರಿಲ್ಲದ ಒಂದು ಇಮೇಲ್ ಹೋಯಿತು. ಅದರಲ್ಲಿ ಚೀಟಿಯ ಫೋಟೊ ಇತ್ತು. ಕ್ಲಿನಿಕ್ಕಿನ ಮ್ಯಾನೇಜರ್ ಒಂದೇ ಸಾಲಿನ ಉತ್ತರ ಬರೆದರು: "ಇದು ನಮಗೆ ಮೊದಲೇ ಗೊತ್ತು."

ಆ ವಾರವೇ ಅಪೂರ್ವಳ ಫೋನಿಗೆ ಮಾಲವಿಕಾಳ ಸಂದೇಶ ಬಂತು. 'ಅಪ್ಪಿ' ಎಂದಿರಲಿಲ್ಲ.

"ಅಪೂರ್ವ, ಪೆಟ್ಟಿಗೇಲಿ ನಂದೂ ಒಂದು ಚೀಟಿ ಇದೆ. ಎರಡು ವರ್ಷ ಆಯ್ತು. ನಿಂಗೆ ಮನೇಲಿ ಹೇಳೋಕೆ ಧೈರ್ಯ ಹೇಗ್ ಬಂತು?"

ಅಪೂರ್ವ ಫೋನನ್ನು ಅಮ್ಮನಿಗೆ ತೋರಿಸಿದಳು. ಜಯಲಕ್ಷ್ಮಿ ಎರಡು ಸಲ ಓದಿದರು. "ಕರಿ ಅವಳನ್ನ. ಶನಿವಾರ ಊಟಕ್ಕೆ ಬರ್ಲಿ. ಸುಲೋಚನಾಗೂ ಹೇಳ್ತೀನಿ," ಎಂದರು.

ಶನಿವಾರ ಮಧ್ಯಾಹ್ನ ಮಾಲವಿಕಾ ಬಂದಳು. ಹಳದಿ ಅಂಗಿ ಹಾಕಿದ್ದಳು. ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ಅಳುಕುತ್ತಿದ್ದಳು. ಜಯಲಕ್ಷ್ಮಿ ಅವಳಿಗೊಂದು ಕುರ್ಚಿ ಎಳೆದಿಟ್ಟು ಒಳಗೆ ಕರೆದರು.

ಓದುತ್ತಿರುವ ತಂಗಿಯರೇ, ಗೆಳೆತನ ಬೇಕು ಅನ್ನಿಸುವುದು ತಪ್ಪಲ್ಲ. ಸಂಘಕ್ಕೆ ಸೇರಿ, ನಕ್ಕು ನಲಿಯಿರಿ. ಆದರೆ ಸೇರುವ ಮುಂಚೆ ಕೇಳಿ: ಇದು ಯೂನಿಯನ್ ಪಟ್ಟಿಯಲ್ಲಿದೆಯೇ, ಬೇಡವೆಂದರೆ ಬಿಡುತ್ತಾರೆಯೇ? ಫೋನ್ ಕೊಡಬೇಡಿ, ಗುಟ್ಟು ಬರೆದುಕೊಡಬೇಡಿ. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಒಬ್ಬರಿಗಾದರೂ ಹೇಳಿ ಹೋಗಿ. ಆಗಲೇ ಸಿಕ್ಕಿಹಾಕಿಕೊಂಡಿದ್ದರೆ ಒಬ್ಬರೇ ಹೆದರುತ್ತ ಕೂರಬೇಡಿ, ಕಾಲೇಜಿನ ಸುರಕ್ಷತಾ ಕಚೇರಿಯ ಬಾಗಿಲು ತಟ್ಟಿ.

ತಂದೆತಾಯಿಯರೇ, ನಿಮಗೊಂದು ಮಾತು. ಮಗಳು ತಪ್ಪು ಮಾಡಿದ್ದೇನೆ ಎಂದು ಹೇಳಲು ಬಂದ ದಿನ, ಮೊದಲು ಅವಳ ಪಕ್ಕದಲ್ಲಿ ಕೂತುಕೊಳ್ಳಿ. ಬೈಯುವುದನ್ನು ಆಮೇಲೆ ಬೈಯಬಹುದು.