ಅಮ್ಮನ ಎಡಗಡೆಯವರು

ಆ ಶುಕ್ರವಾರ ಬೆಳಗ್ಗೆ ಜಕ್ಕೂರು ಕೆರೆಯಿಂದ ಎದ್ದ ಮಂಜು ಅಮೃತಹಳ್ಳಿಯ ಗಲ್ಲಿಗಳಲ್ಲೆಲ್ಲ ತುಂಬಿಕೊಂಡು, ಹೊತ್ತೇರಿದರೂ ಕದಲಿರಲಿಲ್ಲ. ಮಾರಮ್ಮನ ಗುಡಿಯ ಗಂಟೆ ಕೇಳುತ್ತಿತ್ತು, ಗುಡಿ ಕಾಣುತ್ತಿರಲಿಲ್ಲ. ಮಹಡಿಯಲ್ಲಿ ಬಾಡಿಗೆಗಿದ್ದ ಸುನೀಲ ಹಲ್ಲುಜ್ಜುತ್ತಾ ನಿಂತಿದ್ದಾಗ ಕೆಳಗಿನ ಮನೆಯಿಂದ ಹೆಂಗಸೊಬ್ಬಳು ಅಳುವ ದನಿ ಬಂತು.

ಕೆಳಗಿನದು ಧನಲಕ್ಷ್ಮಮ್ಮನ ಮನೆ. ಮಾರಮ್ಮನ ಪೂಜೆ ಆ ಮನೆತನದ್ದು. ಗುಡಿಯ ಕೆಲಸ ಗಂಡ ಬೈರಣ್ಣನದು. ಹರಕೆ ಹೊತ್ತವರ ಕಷ್ಟಸುಖ ಕೇಳುವುದು ಧನಲಕ್ಷ್ಮಮ್ಮನ ಪಾಲು. ಹರಕೆಯವರು ಈಗೀಗ ಫೋನಿಗೆ ಫೋಟೋ ಕಳಿಸುತ್ತಾರೆ. ಧನಲಕ್ಷ್ಮಮ್ಮ ಅವನ್ನು ನಡುಮನೆಯ ಹಳೆಯ ಕಂಪ್ಯೂಟರಿಗೆ ಹಾಕಿಕೊಂಡು, ದೀಪ ಹಚ್ಚಿದ ಮೇಲೆ ಒಬ್ಬೊಬ್ಬರ ಮುಖ ನೋಡಿ, ಹೆಸರು ಹಿಡಿದು ಬೇಡಿಕೊಳ್ಳುತ್ತಾರೆ.

ಆ ಕಂಪ್ಯೂಟರ್ ತೀರಾ ನಿಧಾನವಾಯಿತೆಂದು ಹೋದ ಭಾನುವಾರ ಸುನೀಲನೇ ಅದರ ಹಳೆಯ ಆಪರೇಟಿಂಗ್ ಸಿಸ್ಟಂ ಅಳಿಸಿ ಲಿನಕ್ಸ್ ಹಾಕಿಕೊಟ್ಟಿದ್ದ. ಮತ್ತಿಕೆರೆಯ ಕಾಲೇಜೊಂದರ ಲ್ಯಾಬಿನಲ್ಲಿ ಅವನ ಕೆಲಸ. ಲಿನಕ್ಸಿಗೆ ಒಂದೇ ಮುಖವಿಲ್ಲ, ಪರದೆಯ ರೂಪ ಬದಲಿಸುವ ಹತ್ತಾರು ಡೆಸ್ಕ್‌ಟಾಪ್‌ಗಳಿವೆ, ಬಳಸುವವರು ತಮಗೆ ಒಗ್ಗುವುದನ್ನು ಆರಿಸಿಕೊಳ್ಳಬಹುದು, ಅದರ ದೊಡ್ಡತನವೇ ಅದು ಎಂದು ಹುಡುಗರಿಗೆ ಹೇಳಿಕೊಡುತ್ತಿದ್ದವನು ಧನಲಕ್ಷ್ಮಮ್ಮನನ್ನು ಮಾತ್ರ ಒಂದು ಮಾತು ಕೇಳಲಿಲ್ಲ. ಅವುಗಳಲ್ಲಿ ತನಗಿಷ್ಟವಾದ ಗ್ನೋಮ್ ಎಂಬುದನ್ನು ಹಾಕಿದ. ಅದರ ಪರದೆ ಗುಡಿಸಿ ಸಾರಿಸಿದ ಅಂಗಳದಂತೆ. ಅದರ ಮೇಲೆ ಏನನ್ನೂ ಇಡಲು ಬರುವುದಿಲ್ಲ. ಮೊದಲು ಅಲ್ಲಿ ನಡುಮಧ್ಯೆ ಮಾರಮ್ಮನ ಚಿತ್ರ, ಎರಡೂ ಬದಿಗೆ ಚೆಲ್ಲಿದಂತೆ ಜನರ ಫೋಟೋಗಳಿದ್ದವು. ಎಲ್ಲವನ್ನೂ ಬಾಚಿ ಒಂದೇ ಫೋಲ್ಡರಿಗೆ ಹಾಕಿದ್ದ.

"ಸಂತೆ ಥರ ಇತ್ತು ಆಂಟಿ. ಈಗ ನೋಡಿ," ಎಂದು ನಕ್ಕಿದ್ದ. ಧನಲಕ್ಷ್ಮಮ್ಮ ಏನೋ ಹೇಳಲು ಹೊರಟವರು, ಓದಿದವನ ಮುಂದೆ ಯಾಕೆಂದು ಸುಮ್ಮನಾಗಿ ಕಾಫಿ ತರಲು ಎದ್ದಿದ್ದರು.

ಈಗ ಸುನೀಲ ಬಾಯಿ ಒರೆಸಿಕೊಂಡು ಕೆಳಗಿಳಿದರೆ, ಗೋಡೆಗೊರಗಿ ಸರಳಾ ಕೂತಿದ್ದಳು. ಗುಡಿಯ ಹಿಂದಿನ ಬೀದಿಯವಳು. ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾನೆ. ಎದ್ದು ಓಡಾಡಿದರೆ ತಂಬಿಟ್ಟಿನ ಆರತಿ ತರುತ್ತೇನೆಂದು ಹರಕೆ ಹೊತ್ತಿದ್ದಳು. ನಿನ್ನೆ ಸಂಜೆ ಧನಲಕ್ಷ್ಮಮ್ಮ ಫೋನು ಮಾಡಿ, ಅಮ್ಮ ನಡೆಸಿಕೊಟ್ಟಳಲ್ಲ, ಆರತಿ ತಗೊಂಡು ಬಾ ಎಂದಿದ್ದರಂತೆ.

"ಅಮ್ಮನೇ ನಿಮ್ಮ ಬಾಯಲ್ಲಿ ಹೇಳ್ಸಿರ್ಬೇಕು ಅನ್ಕೊಂಡೆ ಅಕ್ಕ," ಎಂದಳು ಸರಳಾ. "ಓಡ್ಹೋಗಿ ಅವ್ರನ್ನ ಹಿಡಿದು ಎಬ್ಬಿಸಿ ನಿಲ್ಲಿಸ್ದೆ. ಬಿದ್ಬಿಟ್ರು. ಹಣೆ ಒಡೀತು."

ಧನಲಕ್ಷ್ಮಮ್ಮ ಅವಳ ಕೈ ಹಿಡಿದುಕೊಂಡರು. "ತಪ್ಪು ನಂದು ಕಣಮ್ಮ. ವಯಸ್ಸಾಯ್ತು, ಮರೆವು."

ಅವರು ಸುನೀಲನ ಕಡೆ ನೋಡಲಿಲ್ಲ. ಅವನಿಗೋ ಏನೂ ಹೊಳೆಯದೆ, ಫೋಟೋ ಎಲ್ಲಾ ಫೋಲ್ಡರಿನಲ್ಲೇ ಇದೆ, ಒಂದೂ ಹೋಗಿಲ್ಲ ಎಂದು ಸಮಾಧಾನ ಹೇಳಿದ.

"ಇದೆ ಕಣಪ್ಪ, ಎಲ್ಲಾ ಇದೆ. ಯಾರು ಎಲ್ಲಿದ್ರು ಅನ್ನೋದು ಹೋಯ್ತು."

ಆಮೇಲೆ ಮೆಲ್ಲಗೆ ಬಿಡಿಸಿ ಹೇಳಿದರು. ಗುಡಿಯಲ್ಲಿ ಅಮ್ಮನನ್ನು ಕೇಳಿಕೊಂಡಾಗ ಆಕೆಯ ಬಲಗಡೆಯಿಂದ ಹೂ ಬಿದ್ದರೆ ಆಯಿತೆಂದು ಅರ್ಥ. ಹಾಗೆಯೇ ಪರದೆಯ ಮೇಲೂ, ಹರಕೆ ಫಲಿಸಿದವರನ್ನು ಅಮ್ಮನ ಬಲಕ್ಕೆ, ಇನ್ನೂ ಕಾಯುತ್ತಿರುವವರನ್ನು ಎಡಕ್ಕೆ ಇಟ್ಟಿದ್ದರು. ಫಲಿಸಿದ ದಿನ ಫೋಟೋವನ್ನು ಎಡದಿಂದ ಬಲಕ್ಕೆ ಎಳೆದಿಟ್ಟು ಕೈಮುಗಿಯುತ್ತಿದ್ದರು. ದಿನಾ ಬೇಡಿಕೊಳ್ಳಬೇಕಾದದ್ದು ಎಡಗಡೆಯವರಿಗೆ. ಭಾನುವಾರದಿಂದ ಯಾರು ಯಾವ ಕಡೆಯವರೆಂದು ನೆನಪಿನ ಮೇಲೇ ನಡೆಸುತ್ತಿದ್ದರು.

 ಸಂತೆ ಎಂದು ನಕ್ಕಿದ್ದು ಸುನೀಲನಿಗೆ ನೆನಪಾಯಿತು. ಕಾಲಿಗೆ ಬಿದ್ದುಬಿಡೋಣ ಅನ್ನಿಸಿತು. ಬಿದ್ದರೆ ಹಗುರವಾಗುವವನು ತಾನೊಬ್ಬನೇ ಎಂದೂ ತಿಳಿಯಿತು. ಸರಳಾಳ ಕಡೆ ತಿರುಗಿ, "ಆಂಟಿದು ಏನೂ ತಪ್ಪಿಲ್ಲ. ಮಾಡಿದ್ದು ನಾನು," ಎಂದ.

ಸರಳಾ ಅವನನ್ನೇ ನೋಡಿದಳು. "ಅವ್ರನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

ಸುನೀಲ ಕಂಪ್ಯೂಟರಿನ ಮುಂದೆ ಹೋಗಿ ಕೂತ.

ಅಂದು ಕೆಲಸಕ್ಕೆ ಹೋಗಲಿಲ್ಲ. ಬೇರೆ ಬೇರೆ ಡೆಸ್ಕ್‌ಟಾಪ್‌ಗಳ ಚಿತ್ರಗಳನ್ನು ಫೋನಿನಲ್ಲಿ ತೋರಿಸಿ, ಯಾವುದು ಬೇಕೆಂದು ಧನಲಕ್ಷ್ಮಮ್ಮನನ್ನು ಕೇಳಿದ. ಬಣ್ಣ, ಬೆಡಗು ಅವರಿಗೆ ಬೇಕಿರಲಿಲ್ಲ. "ನಾನಿಟ್ಟಿದ್ದು ಇಟ್ಟಲ್ಲೇ ಇರುತ್ತಾ?" ಎಂದಷ್ಟೇ ಕೇಳಿದರು. ಇರುತ್ತದೆ ಎಂದು ಅವನು ತೋರಿಸಿದ್ದು ಎಕ್ಸ್‌ಎಫ್‌ಸಿಇ. ನೋಡಲು ಹಳೆಯ ಕಾಲದ್ದು, ಅವನು ಯಾವತ್ತೂ ಮೂಸಿ ನೋಡದಿದ್ದದ್ದು. ಅದೇ ಸಾಕೆಂದರು.

ಅದನ್ನು ಹಾಕಿಕೊಟ್ಟ ಮೇಲೆ ಮಾರಮ್ಮನನ್ನು ಮತ್ತೆ ನಡುವಿಗೆ ತಂದದ್ದಾಯಿತು. ಧನಲಕ್ಷ್ಮಮ್ಮ ಮೊದಲು ಎಳೆದದ್ದು ಸರಳಾಳ ಗಂಡನ ಫೋಟೋ, ಎಡಕ್ಕೆ. ಸರಳಾ ಕಣ್ಣೊರೆಸಿಕೊಂಡು ಕೈಮುಗಿದು ಎದ್ದು ಹೋದಳು. ಯಾವ ಕಡೆಯವರೆಂದು ನೆನಪಾಗದವರ ಮನೆಗಳಿಗೆ ತಾನೇ ಹೋಗಿ, ತಪ್ಪು ತನ್ನದೆಂದು ಹೇಳಿ, ಹರಕೆ ಫಲಿಸಿತೇ ಎಂದು ಕೇಳಿಕೊಂಡು ಬರುವೆನೆಂದ ಸುನೀಲ. ಧನಲಕ್ಷ್ಮಮ್ಮ ಬೇಡವೆನ್ನಲಿಲ್ಲ.

ಅಷ್ಟರಲ್ಲಿ ಏನೋ ಅಪ್‌ಡೇಟಿಗೆಂದು ಪರದೆ ಪಾಸ್‌ವರ್ಡ್ ಕೇಳಿತು. ಸುನೀಲ ಹೊಡೆಯಲು ಹೋಗಿ ಬೆರಳು ಹಿಂದೆಗೆದ. ಕಂಪ್ಯೂಟರ್ ತೆರೆಯಲು ಅದು ಬೇಕಿರಲಿಲ್ಲ, ಏನಾದರೂ ಹೊಸದಾಗಿ ಹಾಕಲು ಬೇಕಿತ್ತು. ಆ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿತ್ತು. ಆಂಟಿ ಏನಾದರೂ ಕೆಡಿಸಿಯಾರೆಂದು ಅವರದೇ ಕಂಪ್ಯೂಟರಿನದನ್ನು ಅವರಿಗೇ ಹೇಳಿರಲಿಲ್ಲ. ಇಲ್ಲಿಯವರೆಗೆ ಅದು ತಪ್ಪೆಂದು ತೋಚಿಯೂ ಇರಲಿಲ್ಲ. ಹೊಸ ಪಾಸ್‌ವರ್ಡ್ ಬರೆಯುವ ಜಾಗ ತೆರೆದು, ಕುರ್ಚಿಯಿಂದ ಎದ್ದು, ಕೀಬೋರ್ಡನ್ನು ಅವರ ಕಡೆ ಸರಿಸಿದ.

"ನಿಮಗೆ ಬೇಕಾದ್ದು ಹಾಕ್ಕೊಳ್ಳಿ ಆಂಟಿ. ನಾನು ನೋಡಲ್ಲ."

ಮುಖ ತಿರುಗಿಸಿ ಬಾಗಿಲ ಕಡೆ ನಿಂತ. ಹಿಂದೆ ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು ಕೇಳುತ್ತಿತ್ತು.