ಅರಿಶಿನದ ನೀರು

ಎಡಗಿವಿಯ ಹಿಂದೆ ನೋಡಿ ಮುಗಿಸಿ ಬಲಗಡೆಯ ಕೂದಲು ಬಿಡಿಸುತ್ತಿದ್ದೆ. ಭೂಮಿಕಾ ಶಾಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಗುಲಿಯ ಮೆಟ್ಟಿಲ ಮೇಲೆ ಕೂತಿದ್ದಳು.

"ಐದು ದಿನಾತು ಅಮ್ಮ. ದಿನಾ ಎಂತ ಹುಡುಕ್ತೀಯ?"

"ಹೇನು."

"ಹೇನು ಮೊಣಕಾಲ ಹಿಂದೂ ಇರ್ತಾವ?"

ಅವಳ ತಲೆ ಬಗ್ಗಿಸಿದೆ. ಹುಡುಕುತ್ತಿದ್ದದ್ದು ಉಣುಗನ್ನು. ರಕ್ತ ಹೀರುವ ಹುಳ, ಎಳ್ಳಿಗಿಂತ ಸಣ್ಣದು. ಕಚ್ಚಿದರೂ ತಿಳಿಯುವುದಿಲ್ಲ.

ಶುಕ್ರವಾರ ನಮ್ಮ ಗದ್ದೆಯಂಚಿನಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ನಮ್ಮಲ್ಲಿ ಸತ್ತ ಮಂಗನನ್ನು ಹಾಗೇ ಬಿಡುವುದಿಲ್ಲ. ಪಕ್ಕದ ಮನೆಯ ಕೆರಿಯಪ್ಪ ಭಾವ ಅದನ್ನು ಮಗುವಿನಂತೆ ಎತ್ತಿ ತಂದು ಅಂಗಳದಲ್ಲಿ ಮಲಗಿಸಿದರು. ನಾನು ಅರಿಶಿನದ ನೀರು ಹೊಯ್ದು, ಅಂಗೈಯಿಂದ ಎದೆ ಸವರಿ ತೊಳೆದೆ. ಭೂಮಿಕಾ ತಲೆಯ ಹತ್ತಿರ ದಾಸವಾಳ ಇಟ್ಟಳು. ಭಾವನೇ ಗುಂಡಿ ತೋಡಿ ಮಣ್ಣು ಮಾಡಿದರು.

ಸಂಕ್ರಾಂತಿ ಮುಗಿದ ವಾರ ಆಶಾ ಕಾರ್ಯಕರ್ತೆ ಕಾವ್ಯಶ್ರೀ ಅಂಗನವಾಡಿಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದ್ದಳು. ಸತ್ತ ಮಂಗನನ್ನು ಮುಟ್ಟಬೇಡಿ, ಅದರ ಮೈಯ ಉಣುಗು ನಿಮ್ಮ ಮೈಗೆ ಹತ್ತುತ್ತದೆ, ಮಂಗನ ಕಾಯಿಲೆ ಬರುತ್ತದೆ, ನನಗೆ ತಿಳಿಸಿ. ನಾವೆಲ್ಲ ತಲೆಯಾಡಿಸಿದ್ದೆವು. ಶುಕ್ರವಾರ ಮಾತ್ರ ಅಂಗಳದಲ್ಲಿ ಮಲಗಿದ್ದು ಮಂಗ ಎಂದು ಯಾರಿಗೂ ಅನ್ನಿಸಲಿಲ್ಲ. ಮಾರುತಿ ಅನ್ನಿಸಿತು.

ಅದರ ಹೊಟ್ಟೆಯ ಕೂದಲಲ್ಲಿ ಕಪ್ಪು ಚುಕ್ಕೆಗಳಿದ್ದವು. ಮಣ್ಣೆಂದುಕೊಂಡೆ. ನೀರು ಬಿದ್ದಾಗ ಹರಿದಾಡಿದವು. ಎಲ್ಲರೂ ಕೈಮುಗಿದು ನಿಂತಿದ್ದರು. ನಾನೂ ಸುಮ್ಮನಾದೆ.

"ಅಕ್ಕ, ಇದ್ದೀರ?" ಬೇಲಿಯ ದಣಪೆ ಸರಿಸಿ ಕಾವ್ಯಶ್ರೀಯೇ ನಿಂತಿದ್ದಳು, ಕೈಯಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯ ಬಾಟಲಿ. "ಈ ಬದಿ ಎಲ್ಲಾದ್ರೂ ಮಂಗ ಸತ್ತಿದ್ದು ಕಂಡ್ರಾ?"

ನನ್ನ ಕೈ ಕೂದಲಲ್ಲೇ ನಿಂತಿತು. ಒಳಗಿಂದ ನಮ್ಮನೆಯವರು ಟವೆಲ್ ಕೊಡವುತ್ತ ಬಂದರು.

"ಸತ್ತಿದ್ದು ಇಲ್ಲ ತಂಗಿ. ಬದುಕಿದ್ದೇ ಜಾಸ್ತಿ. ಬಾಳೆಗೊನೆ ಒಂದೂ ಬಿಡ್ಲಿಲ್ಲ. ಬೇಕಾದ್ರೆ ನಾಕು ಹಿಡ್ಕಂಡು ಹೋಗು."

"ನಮ್ಮನೇಲೂ ಎರಡಿದಾವೆ ಅಣ್ಣ, ಶಾಲೆಗೆ ಹೋಗ್ತಾವೆ," ಎಂದು ನಕ್ಕು, ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಭೂಮಿಕಾ ನನ್ನ ಮುಖ ನೋಡಿದಳು. ನಾನು ಜಡೆ ಹೆಣೆದೆ.

ಅವಳು ಶಾಲೆಗೆ ಹೊರಟ ಮೇಲೆ ಇವರು ತಗ್ಗಿದ ದನಿಯಲ್ಲಿ, "ಹೇಳಿದ್ರೆ ಆಸ್ಪತ್ರೆಯೋರು ಬಂದು ಗುಂಡಿ ಬಗೀತಾರೆ. ಹನ್ನೊಂದನೇ ದಿನಕ್ಕೆ ಪಾನಕ ಮಾಡಾದು ಅಂತ ಊರೆಲ್ಲ ಮಾತಾಗಿದೆ. ಮಾರುತೀನ ಮೇಲೆತ್ತಿ ಸುಡಿಸಿದ್ದು ನಾವು ಅಂತ ಆಗಾದು ಬ್ಯಾಡ," ಎಂದರು.

ಹೂಂ ಎಂದೆ.

ಪಾತ್ರೆ ತೊಳೆಯಲು ಕೂತಾಗ ಭಾವನ ಹೆಂಡತಿ ಗಿರಿಜವ್ವ ಬೇಲಿಯಾಚೆಯಿಂದ ಕರೆದಳು. "ಒಂದ್ ಮುಷ್ಟಿ ಕೊತ್ತಂಬರಿ ಬೀಜ ಇದ್ಯನೆ? ನಮ್ಮನೇರಿಗೆ ಕಷಾಯಕ್ಕೆ."

"ಎಂತಾತು?"

"ನಿನ್ನೆ ಸಂಜೆಯಿಂದ ಜ್ವರ. ತಲೆ ಸಿಡೀತದೆ, ಸೊಂಟ ಎತ್ತಾಕಾಗಲ್ಲ ಅಂತಾರೆ. ಹಾರೆ ಹಿಡಿದು ಹತ್ತು ವರ್ಷಾಗಿತ್ತು, ಮೊಳದುದ್ದ ಗುಂಡಿ ತೋಡಿದ್ದಕ್ಕೇ ಮಲಗ್ಯಾರೆ, ಗಂಡಸು."

ಅವಳು ನಗುತ್ತಿದ್ದಳು. ಮಂಗನ ಕಾಯಿಲೆಯಲ್ಲಿ ಮೊದಲು ಜ್ವರ, ತಲೆನೋವು, ಸೊಂಟನೋವು ಎಂದು ಕಾವ್ಯಶ್ರೀ ಬೆರಳು ಮಡಚಿ ಹೇಳಿದ್ದು ನೆನಪಾಯಿತು.

"ಡಾಕ್ಟ್ರಿಗೆ ತೋರಿಸ್ಬೇಕಿತ್ತು ಗಿರಿಜವ್ವ."

"ಕಷಾಯ ಕುಡೀಲಿ. ನಾಳೆ ಎದ್ದು ಕೂರ್ತಾರೆ."

ಕೊತ್ತಂಬರಿ ಬೀಜವನ್ನು ಅವಳ ಸೆರಗಿಗೆ ಹಾಕುವಾಗ ನನ್ನ ಅಂಗೈ ಕಣ್ಣಿಗೆ ಬಿತ್ತು. ಉಗುರಿನ ಸಂದಿಯಲ್ಲಿ ಅರಿಶಿನ ಇನ್ನೂ ಉಳಿದಿತ್ತು. ಇದೇ ಕೈ ಮಂಗನ ಎದೆ ಸವರಿದ್ದು, ಇದೇ ಕೈ ಭೂಮಿಕಾಳ ಜಡೆ ಹೆಣೆದದ್ದು.

ದಿನವೂ ಡೈರಿಗೆ ಹಾಲು ಕೊಡಲು ಹೋಗುವುದು ಸಂಜೆ, ಕೆರೆ ಏರಿಯ ಮೇಲಿಂದ. ಶಾಲೆಯ ಹಿಂದಿನ ದಾರಿ ಸುತ್ತು. ಆ ದಾರಿಯಲ್ಲಿ ಕಾವ್ಯಶ್ರೀಯ ಮನೆ ಇದೆ.

ಒಳಗೆ ಬಂದು, ಕ್ಯಾನಿಗೆ ಬೆಳಗಿನ ಹಾಲನ್ನೇ ಹೊಯ್ದು ಮುಚ್ಚಳ ಬಿಗಿದೆ.

"ಈಗೆಲ್ಲಿಗೆ?" ಎಂದರು ಇವರು.

"ಡೈರಿಗೆ. ಸಂಜೆ ಕೆಲಸ ಇದೆ," ಎಂದು ಚಪ್ಪಲಿ ಮೆಟ್ಟಿ, ಶಾಲೆಯ ಹಿಂದಿನ ದಾರಿ ಹಿಡಿದೆ.