ಹಾಲಪ್ಪ ಮೇಷ್ಟ್ರ ಮೂರನೆಯ ಪರೀಕ್ಷೆ

ಆ ಕೋಣೆಯಲ್ಲಿ ಎರಡೇ ಕುರ್ಚಿ. ಕಬ್ಬಿಣದ್ದು ಕೈದಿಗೆ, ಮರದ್ದು ಆಪ್ತಸಮಾಲೋಚಕರಿಗೆ. ಮರದ ಕುರ್ಚಿಗೆ ಒಂದು ಕಾಲು ಗಿಡ್ಡ. ಕೂತವರು ಸ್ವಲ್ಪ ಮುಂದಕ್ಕೆ ಬಾಗಿದರೂ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚುತ್ತಿತ್ತು. ನಾನು ಹೇಳಹೊರಟಿರುವುದು ನಿಜವಾಗಿ ನಡೆದದ್ದು. ನನ್ನನ್ನು ನಂಬದವರು ಆ ಕುರ್ಚಿಯನ್ನು ಕೇಳಬಹುದು, ನಮ್ಮಿಬ್ಬರಲ್ಲಿ ಅದೇ ಹೆಚ್ಚು ಸತ್ಯವಂತ.

ಊರಿನ ಸೆರೆಮನೆಯಲ್ಲಿ ಕೈದಿಗಳ ಮನಸ್ಸಿನ ಮಾತು ಕೇಳುವ ಕೆಲಸಕ್ಕೆ ನಾವು ಕೆಲವರು ಸೇರಿದ್ದೆವು. ನಾನು ಆಗಷ್ಟೇ ಕಾಲೇಜು ಮುಗಿಸಿದ್ದೆ. ಅಲ್ಲಿ ಪಾಠ ಕಲಿತದ್ದು ಕಡಿಮೆ, ಪಾಠ ಹೇಳಿದವರ ದನಿ ಕಲಿತದ್ದೇ ಹೆಚ್ಚು. ಹಾಲಪ್ಪ ಮೇಷ್ಟ್ರು ಶಾಲೆಯಿಂದ ನಿವೃತ್ತರಾಗಿ ಬಂದವರು. ಹೆಂಡತಿ ಹೋದ ಮೇಲೆ ಅವರಿಗೆ ಮಾತಾಡಲು ಉಳಿದಿದ್ದ ಜಾಗ ಇದೊಂದೇ. ಅಷ್ಟರಲ್ಲಿ ಹೊಸ ನಿಯಮ ಬಂತು: ಪ್ರಮಾಣಪತ್ರವಿಲ್ಲದವರು ಆ ಮರದ ಕುರ್ಚಿಯಲ್ಲಿ ಕೂರುವಂತಿಲ್ಲ. ಮೇಷ್ಟ್ರು ಎರಡು ಸಲ ಪರೀಕ್ಷೆಗೆ ಕೂತು ಎರಡು ಸಲವೂ ಬಿದ್ದಿದ್ದರು. ಮೂರನೆಯದೇ ಕಡೆಯದು. ಅದೂ ಹೋದರೆ ಸೆರೆಮನೆಯ ಬಾಗಿಲು ಅವರ ಪಾಲಿಗೆ ಮುಚ್ಚಿದಂತೆಯೇ. ಬಿಡುಗಡೆಗೆ ಅಷ್ಟೊಂದು ಹೆದರಿದವರನ್ನು ನಾನು ಆ ಆವರಣದಲ್ಲಿ ಬೇರೆ ಕಂಡಿಲ್ಲ.

ಪರೀಕ್ಷೆ ಅಂದರೆ ಇಷ್ಟೇ. ಗುರುತಿಲ್ಲದ ಕೈದಿಯೊಬ್ಬನ ಜೊತೆ ಅರ್ಧ ಗಂಟೆ ಕೂರಬೇಕು. ಏನು ತಪ್ಪು ಮಾಡಿದೆ ಎಂದು ಕೇಳಬಾರದು, ಬುದ್ಧಿ ಹೇಳಬಾರದು. ಪರವೂರಿನಿಂದ ಬಂದ ಪರೀಕ್ಷಕರು ಮೂಲೆಯ ಸ್ಟೂಲಿನಲ್ಲಿ ಕೂತು ನೋಡುತ್ತಾರೆ. ಕೊನೆಗೆ ಕೈದಿಗೆ ಒಂದೇ ಪ್ರಶ್ನೆ: 'ಇವರ ಹತ್ತಿರ ಮತ್ತೆ ಬರ್ತೀಯಾ?' ಅವನು ಇಲ್ಲ ಅಂದರೆ ಮುಗಿಯಿತು.

ಮೇಷ್ಟ್ರ ತೊಂದರೆ ಬುದ್ಧಿ ಹೇಳುವುದರಲ್ಲೇ ಇತ್ತು. ಉಪದೇಶ ಅವರ ಬಾಯಲ್ಲಿ ಬೇಗ ಉಪದ್ರವವಾಗುತ್ತಿತ್ತು. ಕೈದಿ ಬಾಯಿ ತೆರೆಯುವುದೇ ತಡ, ಮುಂದಕ್ಕೆ ಬಾಗಿ, "ನೋಡಪ್ಪಾ, ಮನುಷ್ಯ ಅಂದ್ಮೇಲೆ..." ಎನ್ನುವರು. ಕುರ್ಚಿ ಕಿರುಚುವುದು. ಕಳೆದ ಸಲ ಕೈದಿ, "ಸಾರ್, ನನ್ನ ಸೆಲ್ಲಿಗೇ ಕಳಿಸ್ಬಿಡಿ" ಎಂದು ಕೈ ಮುಗಿದಿದ್ದ.

ನಮ್ಮ ತರಬೇತಿಯ ಮುಖ್ಯಸ್ಥರು ವಿರೂಪಾಕ್ಷಪ್ಪ. ಮಾತುಮಾತಿಗೂ ಗಂಟಲು ಕೆರೆದು 'ಏನಂತೀರಿ' ಎನ್ನುವುದು ಅವರ ಅಭ್ಯಾಸ. ಪರೀಕ್ಷೆಯ ಹಿಂದಿನ ದಿನ ಅವರು ಊಟಕ್ಕೆ ಹೋಗಿದ್ದರು. ಅವರ ಕೋಣೆಯ ಹಲಗೆಗೋಡೆಯ ಆಚೆ ಮೇಷ್ಟ್ರು ಟೀ ಕುಡಿಯುತ್ತಿದ್ದರು. ಈಚೆ ನಾನಿದ್ದೆ. ನಾಲಿಗೆ ತುರಿಸಿತು. ಯಾರಿಗೋ ಗುಟ್ಟು ಹೇಳುವಂತೆ ವಿರೂಪಾಕ್ಷಪ್ಪನವರ ದನಿ ತೆಗೆದೆ.

"ಹ್ಞಂಹ್... ಈ ಸಲ ಪರೀಕ್ಷಕರು ಭಾರಿ ಖಡಕ್ಕು, ಏನಂತೀರಿ? ಕೈದಿ ಬಟ್ಟೆ ಹಾಕ್ಕೊಂಡು ಅವರೇ ಕೂರ್ತಾರಂತೆ. ಹ್ಞಂಹ್... ಮೂಲೇಲಿ ತೋರಿಕೆಗೆ ಒಬ್ಬ ವಾರ್ಡರ್ ಇರ್ತಾನಂತೆ. ಯಾರ ಹತ್ರಾನೂ ಬಾಯಿ ಬಿಡಬೇಡಿ, ಏನಂತೀರಿ?"

ಆಚೆ ಟೀ ಹೀರುವ ಸದ್ದು ನಿಂತುಹೋಯಿತು.

ಬೆಳಿಗ್ಗೆ ನಿಜ ಹೇಳಿ ನಗಿಸಬೇಕೆಂದುಕೊಂಡಿದ್ದೆ. ಆದರೆ ನಾನು ಬರುವಷ್ಟರಲ್ಲಿ ಮೇಷ್ಟ್ರನ್ನು ಒಳಗೆ ಕರೆದಾಗಿತ್ತು. ಕಿಟಕಿಯ ಸರಳಿನಿಂದ ಇಣುಕಿದೆ. ಬೋರಲಿಂಗ ಎಂಬ ಕೈದಿ ಒಳಗೆ ಬಂದ. ಬೀಗ ಒಡೆಯುವುದರಲ್ಲಿ ಹೆಸರುವಾಸಿ, ಆದರೆ ಮೇಷ್ಟ್ರು ಅವನ ಮುಖ ಕಂಡಿರಲಿಲ್ಲ. ಮೇಷ್ಟ್ರು ದಡಬಡಿಸಿ ಎದ್ದು, ಕೋಟಿನ ಗುಂಡಿ ಹಾಕಿಕೊಂಡು ಕೈ ಮುಗಿದರು.

"ಬನ್ನಿ, ಬನ್ನಿ. ತಾವು ಕೂತ್ಕೊಳ್ಳಿ ಮೊದಲು."

ಬೋರಲಿಂಗ ಹಿಂದೆ ತಿರುಗಿ ನೋಡಿದ. ಇನ್ಯಾರೂ ಇರಲಿಲ್ಲ.

"ನಂಗಾ ಸ್ವಾಮಿ?"

"ತಮಗೇ. ಬಿಸಿಲಲ್ಲಿ ಬಂದಿದೀರಿ." ಮೇಷ್ಟ್ರು ಮೂಲೆಯತ್ತ ಚಿಟಿಕೆ ಹೊಡೆದರು. ಅಲ್ಲಿ ಖಾಕಿ ಸ್ವೆಟರ್ ತೊಟ್ಟ ಬೋಳುತಲೆಯ ಒಬ್ಬರು ಕೂತಿದ್ದರು. "ಏನಪ್ಪಾ, ಸುಮ್ನೆ ಕೂತಿದೀಯಲ್ಲ! ಸಾಹೇಬ್ರಿಗೆ ಒಂದು ಲೋಟ ನೀರು ತಗೊಂಬಾ."

ನಿಜವಾದ ಪರೀಕ್ಷಕರು ಕಣ್ಣು ಪಿಳುಕಿಸಿ, ಎದ್ದುಹೋಗಿ, ಹೂಜಿಯಿಂದ ನೀರು ಬಗ್ಗಿಸಿ ತಂದರು. ನಾನು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡೆ.

ಆಮೇಲೆ ಮೇಷ್ಟ್ರು ಕುರ್ಚಿಯ ಅಂಚಿನಲ್ಲಿ ಕೂತು ಅಲುಗಾಡಲೇ ಇಲ್ಲ. ಪರೀಕ್ಷಕರಿಗೇ ಬುದ್ಧಿ ಹೇಳುವುದುಂಟೆ? ಬೋರಲಿಂಗ ಸುಮ್ಮನಿದ್ದರೆ ಅವರೂ ಸುಮ್ಮನೆ ಕಾದರು. ಹೇಳಿದರೆ, "ತಮ್ಮ ಮಾತು ನನಗೆ ಪೂರ್ತಿ ತಿಳೀಲಿಲ್ಲ, ಇನ್ನೊಂದ್ಸಲ ಹೇಳ್ತೀರಾ?" ಎಂದರು. ಇವರು ಯಾಕೆ ಬುದ್ಧಿ ಹೇಳುತ್ತಿಲ್ಲ ಎಂದು ಬೋರಲಿಂಗ ಮೊದಲು ಅನುಮಾನಿಸಿದ. ಕ್ರಮೇಣ ಅವನ ಹೆಗಲು ಸಡಿಲವಾಯಿತು.

"ಮುಂದಿನ ತಿಂಗ್ಳು ಬಿಡ್ತಾರೆ ಸ್ವಾಮಿ. ಎಂಥಾ ಬೀಗ ಆದ್ರೂ ತೆಗ್ದಿದೀನಿ. ನನ್ ಮಗಳ ಮನೆ ಬಾಗ್ಲಿಗೆ ಬೀಗಾನೇ ಇಲ್ಲ. ಅದನ್ನ ತಟ್ಟಕ್ಕೆ ಕೈ ಏಳ್ತಿಲ್ಲ."

ಮೇಷ್ಟ್ರು ಬಾಯಿ ತೆರೆದರು. ಈಗ ಬರುತ್ತೆ 'ಮನುಷ್ಯ ಅಂದ್ಮೇಲೆ' ಎಂದುಕೊಂಡೆ. ಅವರು ಬಾಯಿ ಮುಚ್ಚಿ, ಅವನು ಕಣ್ಣು ಒರೆಸಿಕೊಳ್ಳುವವರೆಗೂ ತಲೆ ತಗ್ಗಿಸಿ ಕೂತರು. ಕುರ್ಚಿ ಒಮ್ಮೆಯೂ ಕಿರುಚಲಿಲ್ಲ.

ಅರ್ಧ ಗಂಟೆ ಮುಗಿಯಿತು. "ಇವರ ಹತ್ತಿರ ಮತ್ತೆ ಬರ್ತೀಯಾ?" ಎಂದರು ಬಾಗಿಲು ತೆರೆದು ಒಳಬಂದ ವಿರೂಪಾಕ್ಷಪ್ಪ.

"ಮಗಳ ಮನೆಗೆ ಹೋಗೋ ಮುಂಚೆ ಇನ್ನೊಂದ್ಸಲ ಬತ್ತೀನಿ. ಆಗುತ್ತಾ ಸಾರ್?" ಎಂದ ಬೋರಲಿಂಗ.

ಮುಂದಿನ ಸರದಿ ನನ್ನದು. ಕೈದಿಯ ಮಾತನ್ನು ಮೆಲ್ಲಗೆ ಅವನಿಗೇ ಮರಳಿ ಹೇಳಬೇಕೆಂಬುದು ನಮ್ಮ ಪಾಠ. ನನಗೆ ಸಿಕ್ಕವನು ಮೂಗಿನಲ್ಲಿ ಮಾತಾಡುವವನು. ನನಗೆ ಗೊತ್ತಾಗುವ ಮುಂಚೆ ನನ್ನ ದನಿಯೂ ಮೂಗಿಗೆ ಏರಿಬಿಟ್ಟಿತ್ತು. ಕೊನೆಯ ಪ್ರಶ್ನೆಗೆ ಅವನು ನನ್ನನ್ನು ದುರುಗುಟ್ಟಿ, "ಇವ್ರತ್ರನಾ? ನಾಟಕ ನೋಡಕ್ಕಾದ್ರೆ ಬತ್ತೀನಿ" ಎಂದ.

ಸಂಜೆ ಫಲಿತಾಂಶ ಹೇಳಿದರು. ಮೇಷ್ಟ್ರು ಪಾಸು. ನನ್ನದು 'ಮುಂದಿನ ವರ್ಷ ನೋಡೋಣ'. ಮೇಷ್ಟ್ರು ಅದೇ ಕೋಣೆಯಲ್ಲಿ ಮೈಸೂರುಪಾಕು ಹಂಚುತ್ತಿದ್ದರು. ಆಗ ಕಿಟಕಿಯಾಚೆ ಬೋರಲಿಂಗ ಊಟದ ತಟ್ಟೆ ಹಿಡಿದು ವಾರ್ಡರನ ಹಿಂದೆ ಹೋಗುತ್ತಿದ್ದುದು ಕಂಡಿತು.

"ಅಯ್ಯೋ, ಪರೀಕ್ಷಕರನ್ನ ಯಾಕ್ರೀ ಒಳಗೆ ಹಾಕ್ತಿದಾರೆ!" ಎಂದು ಮೇಷ್ಟ್ರು ಕೂಗಿದರು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ನಾನು ಗಂಟಲು ಕೆರೆದು, "ಹ್ಞಂಹ್... ಅವರು ಪರೀಕ್ಷಕರಲ್ಲ ಮೇಷ್ಟ್ರೇ, ಏನಂತೀರಿ?" ಎಂದೆ.

ಮೇಷ್ಟ್ರು ಮರದ ಕುರ್ಚಿಯಲ್ಲಿ ಕುಸಿದರು.

"ಹಾಗಾದ್ರೆ ಆ ಮಗಳ ಮನೆ ಬಾಗಿಲ ಮಾತು?"

"ಅದು ನಿಜ."

"ನಾನು, ಅಬ್ಬಾ, ಏನು ಅಭಿನಯ ಅಂದ್ಕೊಂಡೆನಲ್ಲೋ..." ಕನ್ನಡಕ ತೆಗೆದು ಒರೆಸಿದರು. "ಇಷ್ಟು ವರ್ಷ ಬಂದೋರನ್ನೆಲ್ಲ ಹೀಗೇ ಕೂರಿಸ್ಬೋದಿತ್ತು." ಮತ್ತೆ ಏನೋ ಹೊಳೆದಂತೆ ತಲೆ ಎತ್ತಿದರು. "ಲೋ, ಹಾಗಾದ್ರೆ ನೀರು ತಂದೋರು?"

ಬಾಗಿಲಲ್ಲಿ ಖಾಕಿ ಸ್ವೆಟರಿನವರು ನಿಂತಿದ್ದರು. "ನಾನೇ. ಇನ್ನೊಂದು ಲೋಟ ತರ್ಲಾ?" ಎಂದರು.

ಮೇಷ್ಟ್ರ ಹೊಟ್ಟೆಯಿಂದ ಎದ್ದ ನಗೆ ಮೊದಲು ಮೀಸೆಯಲ್ಲಿ ಸಿಕ್ಕಿಕೊಂಡು, ಆಮೇಲೆ ಸಿಡಿಯಿತು. ನಾವೆಲ್ಲ ನಕ್ಕೆವು. ಆದರೆ ಅವರ ನಗೆಯ ಮುಂದೆ ನಮ್ಮದು ಬರೀ ಕೆಮ್ಮು. ನಗುತ್ತಾ ಮುಂದಕ್ಕೆ ಬಾಗುತ್ತಿದ್ದರು, ಹಿಂದಕ್ಕೆ ಒರಗುತ್ತಿದ್ದರು. ಬೆಳಗಿನಿಂದ ಬಾಯಿ ಕಟ್ಟಿಕೊಂಡಿದ್ದ ಕುರ್ಚಿ ಅವರ ಅಡಿಯಲ್ಲಿ ಎದೆ ಬಿಚ್ಚಿ ಕಿರುಚುತ್ತಿತ್ತು. ಅಂಗಳದ ಆಚೆ ಬೋರಲಿಂಗ ತಟ್ಟೆ ಹಿಡಿದು ನಿಂತು, ಕಾರಣ ತಿಳಿಯದೆ ತಾನೂ ನಗತೊಡಗಿದ.